ಘನಲೋಹದೊಳಗೆ ಪರಮಾಣುಗಳ ಸಂಚಾರ

ಕಳೆದ ದೀಪಾವಳಿ ರಜೆಗೆ ಮುನ್ನ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕಾಣಲು ಬಂದಿದ್ದನು. ಹತ್ತನೆಯ ತರಗತಿಯವರೆಗೆ ಇಲ್ಲಿಯೇ ಕನ್ನಡದಲ್ಲಿ ಓದಿದ ಹುಡುಗ. ಈಗ ವಿಮಾನಗಳ ತಗಡಿನ ಕೆಲಸವನ್ನು ಕಲಿಸುವ ತರಬೇತಿ ಶಾಲೆಯೊಂದರಲ್ಲಿ ಇರುವನು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವನು ಸ್ವಲ್ಪ ಸಂಕೋಚದಿಂದ ಹೀಗೆಂದನು: “ಮಾಸ್ಟ್ರೇ, ಅಲ್ಲಿ ಒಂದು ಬಗೆಯ ಅಲ್ಯೂಮಿನಿಯಂ ರಿವೆಟ್ಟುಗಳನ್ನು ಶೀತಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಹೊರಗೆ ತೆಗೆದರೆ ಹತ್ತಿಪ್ಪತ್ತು ನಿಮಿಷಗಳೊಳಗೆ ಬಡಿದು ಮುಗಿಸಬೇಕು. ಹೊತ್ತು ಮೀರಿದರೆ ಅದನ್ನು ಬಳಸಕೂಡದು. ಹಾಲನ್ನೋ ಮೀನನ್ನೋ ಶೀತದಲ್ಲಿಡುವುದು ಸರಿ, ಲೋಹವೂ ಕೆಟ್ಟುಹೋಗುತ್ತದೆಯೇ? ಕೇಳಬೇಕೆಂದಿದ್ದೆ. ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಪ್ರಶ್ನೆಯನ್ನು ಹೇಗೆ ಜೋಡಿಸಬೇಕೆಂದು ತಿಳಿಯದೆ ಸುಮ್ಮನಾದೆ.”

ನಾನು ಭಾಷೆಯ ಉಪಾಧ್ಯಾಯನೇ ಹೊರತು ಲೋಹಶಾಸ್ತ್ರವನ್ನು ಓದಿದವನಲ್ಲ. ನಾನೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಕಲಿತು ಹೊಟ್ಟೆಪಾಡಿಗಾಗಿ ಈ ಮುಂಬಯಿಗೆ ಬಂದವನು. ಅಂದು ಅವನಿಗೆ ಉತ್ತರ ಕೊಡಲಾಗಲಿಲ್ಲ. ಆದರೆ ಆ ಪ್ರಶ್ನೆ ರಜೆಯುದ್ದಕ್ಕೂ ನನ್ನ ಬೆನ್ನು ಬಿಡಲಿಲ್ಲ. ಆ ರಿವೆಟ್ಟಿನ ಮೇಲೆ ವಿಮಾನದ ರೆಕ್ಕೆ ನಿಂತಿರುವುದು; ಆ ರೆಕ್ಕೆಯ ಮೇಲೆ ನೂರಾರು ಮಂದಿಯ ಪ್ರಾಣ. ಕಾರಣ ತಿಳಿಯದೆ ಪಾಲಿಸುವ ನಿಯಮವನ್ನು ಅವಸರದ ಒಂದು ದಿನ ಮನುಷ್ಯನು ಮೀರಿಬಿಡಬಹುದು. ಕಾರಣ ತಿಳಿದವನು ಸುಲಭವಾಗಿ ಮೀರಲಾರನು. ಆದುದರಿಂದ ಓದಿ, ತಿಳಿದವರನ್ನು ಕೇಳಿ, ಅರ್ಥವಾದಷ್ಟನ್ನು ಆ ಹುಡುಗನಿಗಾಗಿಯೂ ಅವನಂತಹ ನಿಮ್ಮೆಲ್ಲರಿಗಾಗಿಯೂ ಇಲ್ಲಿ ಬರೆದಿರುವೆನು.

ಘನವಸ್ತು ನಿಶ್ಚಲವೇ?

ನೀರಿನಲ್ಲಿ ಒಂದು ತೊಟ್ಟು ಶಾಯಿ ಬಿದ್ದರೆ ಯಾರೂ ಕಲಕದಿದ್ದರೂ ಅದು ಮೆಲ್ಲಮೆಲ್ಲನೆ ಎಲ್ಲೆಡೆಗೂ ಹರಡುವುದನ್ನು ನೀವು ಕಂಡಿರುವಿರಿ. ಹೀಗೆ ಒಂದು ವಸ್ತುವಿನ ಕಣಗಳು ಇನ್ನೊಂದರೊಳಗೆ ತಾವಾಗಿ ಹರಡಿಕೊಳ್ಳುವುದಕ್ಕೆ ‘ವಿಸರಣ’ವೆಂದು ಹೆಸರು. ಅದರ ನಿಯಮಗಳನ್ನು ಜರ್ಮನಿಯ ಅಡಾಲ್ಫ್ ಫಿಕ್ ಎಂಬ ವಿದ್ವಾಂಸನು 1855ರಲ್ಲಿ ಗಣಿತದ ರೂಪದಲ್ಲಿ ಹೇಳಿದನು. ಅನಿಲಗಳಲ್ಲಿಯೂ ದ್ರವಗಳಲ್ಲಿಯೂ ವಿಸರಣ ನಡೆಯುವುದೆಂದರೆ ಆಶ್ಚರ್ಯವಿಲ್ಲ. ಆದರೆ ಗಟ್ಟಿಯಾದ ಲೋಹದಲ್ಲಿ?

1896ರಲ್ಲಿ ಇಂಗ್ಲೆಂಡಿನ ವಿಲಿಯಂ ರಾಬರ್ಟ್ಸ್-ಆಸ್ಟಿನ್ ಎಂಬವರು ಸೀಸದ ಕಂಬಿಯ ಬುಡಕ್ಕೆ ಚಿನ್ನವನ್ನು ಸೇರಿಸಿ, ಸೀಸವು ಕರಗದಷ್ಟು ಮಾತ್ರ ಬಿಸಿಯಲ್ಲಿ ಅದನ್ನು ದಿನಗಟ್ಟಲೆ ಇರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಆಮೇಲೆ ಕಂಬಿಯನ್ನು ಹೋಳು ಹೋಳಾಗಿ ಕತ್ತರಿಸಿ ಪರೀಕ್ಷಿಸಿದಾಗ ಚಿನ್ನವು ಬುಡದಿಂದ ಬಹಳ ಮೇಲಕ್ಕೆ ಏರಿದುದು ಕಂಡುಬಂದಿತು. ಸೀಸವು ಕರಗಿರಲಿಲ್ಲ, ಯಾರೂ ಕಲಕಿರಲಿಲ್ಲ. ಆದರೂ ಚಿನ್ನದ ಪರಮಾಣುಗಳು ಘನಲೋಹದ ನಡುವೆ ದಾರಿ ಮಾಡಿಕೊಂಡು ನಡೆದಿದ್ದವು. ಘನವಸ್ತುವಿನ ಒಳಗೂ ಸಂಚಾರವುಂಟೆಂಬುದು ಹೀಗೆ ಸಿದ್ಧವಾಯಿತು.

ಪರಮಾಣುಗಳ ವಸತಿ

ಈ ಸಂಚಾರವನ್ನು ತಿಳಿಯಬೇಕಾದರೆ ಮೊದಲು ಪರಮಾಣುಗಳ ವಸತಿಯನ್ನು ನೋಡಬೇಕು. ನಮ್ಮ ಬೀದಿಯ ಕೈಗಾಡಿಯವನು ಮೂಸಂಬಿಗಳನ್ನು ಪೇರಿಸುವ ಕ್ರಮವನ್ನು ಗಮನಿಸಿರಿ. ಮೊದಲ ಸಾಲಿನ ಹಣ್ಣುಗಳ ನಡುವಣ ತಗ್ಗಿನಲ್ಲಿ ಎರಡನೆಯ ಸಾಲಿನ ಹಣ್ಣುಗಳು ಕೂಡುತ್ತವೆ; ಅವುಗಳ ತಗ್ಗಿನಲ್ಲಿ ಮೂರನೆಯ ಸಾಲಿನವು. ತಾಮ್ರದಲ್ಲಿಯೂ ಅಲ್ಯೂಮಿನಿಯಂನಲ್ಲಿಯೂ ಪರಮಾಣುಗಳು ಇಂತಹ ಒತ್ತಾದ ಕ್ರಮದಲ್ಲಿಯೇ ಕುಳಿತಿವೆ. ರಾಶಿಯ ಒಳಗಿನ ಯಾವುದೇ ಒಂದನ್ನು ಹಿಡಿದರೂ ಅದಕ್ಕೆ ತಾಗಿಕೊಂಡು ಹನ್ನೆರಡು ನೆರೆಯವರು ಇರುವರು: ಸುತ್ತ ಆರು, ಮೇಲೆ ಮೂರು, ಕೆಳಗೆ ಮೂರು. ಹೀಗೆ ಕ್ರಮಬದ್ಧವಾಗಿ ಹಬ್ಬಿದ ನೆಲೆಗಳ ಸಮೂಹವನ್ನು ಸ್ಫಟಿಕಜಾಲವೆಂದು ಕರೆಯುವರು.

ತಾಮ್ರದಲ್ಲಿ ಎರಡು ನೆರೆಯ ಪರಮಾಣುಗಳ ಕೇಂದ್ರಗಳ ನಡುವೆ ಇರುವ ಅಂತರವು 0.256 ನ್ಯಾನೋಮೀಟರ್; ಅಲ್ಯೂಮಿನಿಯಂನಲ್ಲಿ 0.286 ನ್ಯಾನೋಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರ್. ಅಲ್ಯೂಮಿನಿಯಂ ಪರಮಾಣುವು ತಾಮ್ರದ್ದಕ್ಕಿಂತ ಸುಮಾರು ನೂರಕ್ಕೆ ಹನ್ನೆರಡರಷ್ಟು ದೊಡ್ಡದೆಂಬುದು ಇದರಿಂದ ತಿಳಿಯುವುದು. ಈ ಗಾತ್ರಭೇದವು ಮುಂದೆ ನಮಗೆ ಬೇಕಾಗುವುದು.

ಎರಡು ಲೋಹಗಳನ್ನು ಕರಗಿಸಿ ಬೆರೆಸಿ ಆರಿಸಿದಾಗ, ಒಂದರ ಪರಮಾಣುಗಳು ಇನ್ನೊಂದರ ಜಾಲದ ನೆಲೆಗಳಲ್ಲಿ ಅಲ್ಲಲ್ಲಿ ಸೇರಿಕೊಂಡು ಕೂಡುವುದುಂಟು. ಸಕ್ಕರೆ ನೀರಿನಲ್ಲಿ ಕರಗಿದಂತೆ ಒಂದು ಘನವು ಇನ್ನೊಂದರಲ್ಲಿ ಕರಗಿರುವ ಈ ಸ್ಥಿತಿಯನ್ನು ‘ಘನದ್ರಾವಣ’ವೆನ್ನುವರು.

ಖಾಲಿ ನೆಲೆಯ ಮಹಿಮೆ

ಇಷ್ಟು ಒತ್ತಾಗಿ ಕುಳಿತಿರುವಾಗ ಪರಮಾಣುವು ಅತ್ತಿತ್ತ ಹೋಗುವುದೆಂತು? ಬೆಂಚುಗಳ ನಡುವೆ ಓಡಾಡಲು ಎಡೆಯೇ ಇಲ್ಲದ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿರಿ. ಎಲ್ಲ ಸ್ಥಾನಗಳೂ ತುಂಬಿವೆ. ಯಾರೂ ಹೊರಗೆ ಹೋಗುವಂತಿಲ್ಲ, ಒಬ್ಬರ ಮೇಲೊಬ್ಬರು ಕೂಡುವಂತಿಲ್ಲ. ಆಗ ಯಾರಿಗೂ ಸ್ಥಾನ ಬದಲಿಸಲಾಗದು. ಆದರೆ ಒಬ್ಬ ವಿದ್ಯಾರ್ಥಿ ಆ ದಿನ ಬಂದಿಲ್ಲವೆನ್ನಿರಿ. ಅವನ ಖಾಲಿ ಸ್ಥಾನಕ್ಕೆ ಪಕ್ಕದವನು ಸರಿಯಬಹುದು, ಪಕ್ಕದವನು ಬಿಟ್ಟ ಸ್ಥಾನಕ್ಕೆ ಅವನ ಹಿಂದಿನವನು, ಅಲ್ಲಿಗೆ ಮತ್ತೊಬ್ಬನು. ಒಂದೇ ಒಂದು ಖಾಲಿ ಸ್ಥಾನವು ತರಗತಿಯೆಲ್ಲ ತಿರುಗಿ, ಹೊತ್ತು ಕಳೆದಂತೆ ಎಲ್ಲರ ಸ್ಥಾನಗಳನ್ನೂ ಬದಲಿಸಿಬಿಡಬಲ್ಲದು.

ಲೋಹದಲ್ಲಿಯೂ ಹೀಗೆಯೇ. ಯಾವ ಸ್ಫಟಿಕದಲ್ಲಿಯೂ ನೆಲೆಗಳೆಲ್ಲ ತುಂಬಿರುವುದಿಲ್ಲ. ಅಲ್ಲೊಂದು ಇಲ್ಲೊಂದು ಖಾಲಿ ನೆಲೆ ಇದ್ದೇ ಇರುವುದು. ಇದಕ್ಕೆ ‘ರಿಕ್ತಸ್ಥಾನ’ವೆನ್ನೋಣ. ಪರಮಾಣುಗಳು ಸಂಚರಿಸುವುದು ಈ ರಿಕ್ತಸ್ಥಾನಗಳ ಮೂಲಕ.

ಇದು ಬರಿಯ ಊಹೆಯಲ್ಲ. ನೆರೆಯ ಎರಡು ಪರಮಾಣುಗಳು ಕೈಕೈ ಹಿಡಿದು ತಿರುಗಿದಂತೆ ನೇರವಾಗಿ ಸ್ಥಾನ ಬದಲಿಸಿಕೊಳ್ಳುವುವೆಂದು ಅನೇಕ ಪಂಡಿತರು ಬಹುಕಾಲ ನಂಬಿದ್ದರು. 1947ರಲ್ಲಿ ಅಮೆರಿಕದ ಅರ್ನೆಸ್ಟ್ ಕರ್ಕೆಂಡಾಲ್ ಮತ್ತು ಅವರ ಶಿಷ್ಯ ಸ್ಮಿಗೆಲ್ಸ್‌ಕಾಸ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹಿತ್ತಾಳೆಯ ತುಂಡಿನ ಎರಡು ಮುಖಗಳ ಮೇಲೆ ಮಾಲಿಬ್ಡಿನಂ ಎಂಬ ಸುಲಭವಾಗಿ ಕರಗದ ಲೋಹದ ಸಣ್ಣ ತಂತಿಗಳನ್ನು ಗುರುತಿಗಾಗಿ ಇರಿಸಿ, ಮೇಲೆ ತಾಮ್ರದ ಲೇಪನವನ್ನು ದಪ್ಪವಾಗಿ ಕೊಟ್ಟು, ದಿನಗಟ್ಟಲೆ ಕಾಯಿಸಿದರು. ಹಿತ್ತಾಳೆಯಲ್ಲಿರುವ ಸತುವು ಹೊರಗಿನ ತಾಮ್ರದೊಳಕ್ಕೂ ತಾಮ್ರವು ಒಳಕ್ಕೂ ಸರಿಯಿತು. ಒಂದಕ್ಕೊಂದು ನೇರವಾಗಿ ಬದಲಾಗಿದ್ದರೆ, ಹೊರಗೆ ಹೋದಷ್ಟೇ ಒಳಗೆ ಬರಬೇಕಾಗಿತ್ತು. ತಂತಿಗಳು ಇದ್ದಲ್ಲಿಯೇ ಇರಬೇಕಾಗಿತ್ತು. ಆದರೆ ತಂತಿಗಳು ಒಂದಕ್ಕೊಂದು ಹತ್ತಿರವಾಗಿದ್ದವು! ಸತುವು ವೇಗವಾಗಿ ಹೊರಟಿತು, ತಾಮ್ರವು ನಿಧಾನವಾಗಿ ಬಂದಿತು. ನೇರ ವಿನಿಮಯದ ವಾದ ಅಲ್ಲಿಗೆ ಬಿದ್ದುಹೋಯಿತು. ರಿಕ್ತಸ್ಥಾನದ ವಾದ ನಿಂತಿತು.

ಎರಡು ಲೋಹ, ಎರಡು ಸ್ವಭಾವ

ಇನ್ನು ತಾಮ್ರ ಮತ್ತು ಅಲ್ಯೂಮಿನಿಯಂಗಳ ಮಿಶ್ರಣಕ್ಕೆ ಬರೋಣ. ಪರಮಾಣುವು ಸಂಚರಿಸಬಲ್ಲದೆಂದ ಮಾತ್ರಕ್ಕೆ ಎಲ್ಲಿಗೆ ಹೋಗಿ ನಿಲ್ಲುವುದೆಂದು ತಿಳಿದಂತಾಗಲಿಲ್ಲ. ಮತ್ತೆ ನಮ್ಮ ತರಗತಿಯನ್ನೇ ನೆನೆಯೋಣ. ಕೆಲವು ಮಕ್ಕಳಿಗೆ ತಮ್ಮ ಊರಿನವರೇ ಪಕ್ಕದಲ್ಲಿರಬೇಕು; ಕೆಲವರಿಗೆ ಬೇರೆ ಊರಿನವರೇ ಬೇಕು. ಸ್ಥಾನ ಬದಲಿಸಲು ಅವಕಾಶ ಕೊಟ್ಟರೆ ಮೊದಲನೆಯ ಬಗೆಯ ತರಗತಿಯಲ್ಲಿ ಗುಂಪುಗಳಾಗುವುವು. ಎರಡನೆಯದರಲ್ಲಿ ಎಲ್ಲರೂ ಬೆರೆತು ಒಂದು ವಿಧವಾದ ಸರತಿಯ ಕ್ರಮ ಏರ್ಪಡುವುದು.

ತಾಮ್ರ-ಅಲ್ಯೂಮಿನಿಯಂ ಮಿಶ್ರಲೋಹಗಳ ವೈಚಿತ್ರ್ಯವೇನೆಂದರೆ, ಯಾವುದು ಹೆಚ್ಚು ಯಾವುದು ಕಡಮೆ ಎಂಬುದನ್ನನುಸರಿಸಿ ಈ ಎರಡು ಸ್ವಭಾವಗಳೂ ಅಲ್ಲಿ ಕಾಣುವುವು.

ಮೊದಲು ತಾಮ್ರವೇ ಹೆಚ್ಚಾಗಿರುವ ಮಿಶ್ರಲೋಹವನ್ನು ನೋಡೋಣ. ಇದು ನಿಮ್ಮ ಕಿಸೆಯಲ್ಲಿಯೇ ಇದೆ. ಹತ್ತು ರೂಪಾಯಿಯ ನಾಣ್ಯದ ಹೊರಗಿನ ಹೊಂಬಣ್ಣದ ಬಳೆಯು ಅಲ್ಯೂಮಿನಿಯಂ ಕಂಚು. ಅದರಲ್ಲಿ ತೂಕಕ್ಕೆ ನೂರಕ್ಕೆ 92 ಪಾಲು ತಾಮ್ರ, 6 ಪಾಲು ಅಲ್ಯೂಮಿನಿಯಂ, 2 ಪಾಲು ನಿಕ್ಕಲ್ ಇರುವುವು. ಅಲ್ಯೂಮಿನಿಯಂ ಬಹಳ ಹಗುರವಾದುದರಿಂದ ತೂಕದಲ್ಲಿ 6 ಆದರೂ ಪರಮಾಣುಗಳ ಎಣಿಕೆಯಲ್ಲಿ ಅದು ನೂರಕ್ಕೆ ಸುಮಾರು 13 ಆಗುವುದು. ಇನ್ನು ನಿಕ್ಕಲನ್ನು ಬಿಟ್ಟು ತಾಮ್ರ ಅಲ್ಯೂಮಿನಿಯಂಗಳೆರಡೇ ಇರುವ, ಇದೇ ಪ್ರಮಾಣದ ಮಿಶ್ರಲೋಹವನ್ನು ಭಾವಿಸೋಣ. ಪರಮಾಣುಗಳು ಗೊತ್ತುಗುರಿಯಿಲ್ಲದೆ ಕುಳಿತಿದ್ದರೆ, ಒಂದು ಅಲ್ಯೂಮಿನಿಯಂ ಪರಮಾಣುವಿನ ಹನ್ನೆರಡು ನೆರೆಯವರಲ್ಲಿ ಸರಾಸರಿ ಎಷ್ಟು ಅಲ್ಯೂಮಿನಿಯಂ ಇರಬೇಕು? ಹನ್ನೆರಡನ್ನು ಹದಿಮೂರರಿಂದ ಗುಣಿಸಿ ನೂರರಿಂದ ಭಾಗಿಸಿದರೆ ಒಂದೂವರೆಗೆ ತುಸು ಹೆಚ್ಚು. ಆದರೆ ಚೆನ್ನಾಗಿ ಕಾಯಿಸಿ ನಿಧಾನವಾಗಿ ಆರಿಸಿದ ಲೋಹದಲ್ಲಿ ಈ ಸಂಖ್ಯೆ ಲೆಕ್ಕಕ್ಕಿಂತ ಕಡಮೆಯಾಗಿರುವುದು. ಅಲ್ಯೂಮಿನಿಯಂ ಪರಮಾಣುವಿಗೆ ಇಲ್ಲಿ ತನ್ನವರ ಸಹವಾಸಕ್ಕಿಂತ ತಾಮ್ರದ ಸಹವಾಸವೇ ಪ್ರಿಯ.

ಈ ಕ್ರಮವು ಲೋಹದ ಉದ್ದಗಲಕ್ಕೂ ತಪ್ಪದೆ ಸಾಗುವ ಕ್ರಮವಲ್ಲ. ತಾಮ್ರ ಮತ್ತು ಚಿನ್ನದ ಕೆಲವು ಮಿಶ್ರಣಗಳಲ್ಲಿ ಹಾಗೆ ದೂರದವರೆಗೆ ಸಾಗುವ ಕ್ರಮವುಂಟು. ನಮ್ಮ ಮಿಶ್ರಲೋಹದಲ್ಲಾದರೋ ಕ್ರಮವು ಹತ್ತಿರದ ಕೆಲವು ನೆರೆಗಳವರೆಗೆ ಮಾತ್ರ ಇದ್ದು ಆಚೆಗೆ ಮಾಸಿಹೋಗುವುದು. ಇದನ್ನು ‘ಸಮೀಪಕ್ರಮ’ವೆನ್ನಬಹುದು. ಕ್ಷ-ಕಿರಣಗಳನ್ನು ಸ್ಫಟಿಕದ ಮೂಲಕ ಹಾಯಿಸಿದಾಗ ಸ್ಪಷ್ಟವಾದ ಚುಕ್ಕೆಗಳ ನಡುವೆ ಬೀಳುವ ಮಂಕಾದ ಬೆಳಕಿನಿಂದ ಇದನ್ನು ಅಳೆಯುವರು. ಅಳತೆಯ ಗಣಿತವನ್ನು ಆಸ್ಟ್ರೇಲಿಯದ ಜಾನ್ ಕೌಲಿ 1950ರಲ್ಲಿ ಸ್ಪಷ್ಟಪಡಿಸಿದರು.

ಈಗ ಇದನ್ನು ತಿರುವು ಮುರುವು ಮಾಡೋಣ. ಅಲ್ಯೂಮಿನಿಯಂ ಹೆಚ್ಚಾಗಿದ್ದು ತಾಮ್ರವು ನೂರಕ್ಕೆ ನಾಲ್ಕರಷ್ಟು ಮಾತ್ರ ಇರುವ ಮಿಶ್ರಲೋಹದಲ್ಲಿ ಏನಾಗುವುದು? 548 ಡಿಗ್ರಿ ಸೆಂಟಿಗ್ರೇಡಿನಲ್ಲಿ ಘನ ಅಲ್ಯೂಮಿನಿಯಂ ತೂಕಕ್ಕೆ ನೂರಕ್ಕೆ 5.65ರವರೆಗೆ ತಾಮ್ರವನ್ನು ತನ್ನಲ್ಲಿ ಕರಗಿಸಿಕೊಳ್ಳಬಲ್ಲದು. ಆರಿದ ಮೇಲೆ ಅದಕ್ಕೆ ಅತ್ಯಲ್ಪ ತಾಮ್ರವನ್ನು ಮಾತ್ರ ಹಿಡಿದಿಟ್ಟುಕೊಳ್ಳಲು ಸಾಧ್ಯ. ಬಿಸಿ ನೀರಿನಲ್ಲಿ ತುಂಬ ಸಕ್ಕರೆಯನ್ನು ಕರಗಿಸಿ ಆರಿಸಿದರೆ ತಳದಲ್ಲಿ ಹರಳು ಕಟ್ಟುವಂತೆ ಇಲ್ಲಿಯೂ ಹೆಚ್ಚಾದ ತಾಮ್ರವು ಬೇರೆಯಾಗಲು ಹವಣಿಸುವುದು. ಆದುದರಿಂದ ತಾಮ್ರದ ಪರಮಾಣುಗಳು ಒಂದನ್ನೊಂದು ಹುಡುಕಿಕೊಂಡು ಹೋಗಿ ಗುಂಪು ಕಟ್ಟುವುವು. ಪರವೂರಿನಲ್ಲಿ ನಮ್ಮವರು ಒಂದೇ ಚಾಳಿನಲ್ಲಿ ಕೋಣೆ ಹಿಡಿಯುವಂತೆ ಎನ್ನಬಹುದು.

ಶನಿವಾರ ಮೃದು, ಸೋಮವಾರ ಗಟ್ಟಿ

ಈ ಗುಂಪು ಕಟ್ಟುವಿಕೆಯ ಫಲವನ್ನು ಲೋಕವು ಕಂಡುಕೊಂಡದ್ದು ಆಕಸ್ಮಿಕವಾಗಿ. ಕುಂದಾಪುರದ ಕಡೆಯ ನನ್ನ ಊರಿನಲ್ಲಿ ಆಚಾರಿಯು ಉಕ್ಕಿನ ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹದ ಕೊಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಚುಯ್ ಎಂದು ನೀರಿಗಿಳಿದ ಕೂಡಲೇ ಉಕ್ಕು ಗಟ್ಟಿಯಾಗುವುದು. ಅಲ್ಯೂಮಿನಿಯಂ ಮಿಶ್ರಲೋಹವೂ ಹಾಗೆಯೇ ಗಟ್ಟಿಯಾಗಬಹುದೆಂದು ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞನು ಪ್ರಯೋಗಗಳನ್ನು ನಡೆಸುತ್ತಿದ್ದನು. 1906ರಲ್ಲಿ ಅವನು ಅಲ್ಯೂಮಿನಿಯಂಗೆ ನೂರಕ್ಕೆ ಸುಮಾರು ನಾಲ್ಕು ಪಾಲು ತಾಮ್ರವನ್ನೂ ಸ್ವಲ್ಪ ಮೆಗ್ನೀಸಿಯಂ ಅನ್ನೂ ಬೆರೆಸಿ, ಕಾಯಿಸಿ, ನೀರಿಗೆ ಅದ್ದಿ ಪರೀಕ್ಷಿಸಿದನು. ಲೋಹವು ಮೆತ್ತಗೆಯೇ ಇತ್ತು. ಅಂದು ಶನಿವಾರ. ಸೋಮವಾರ ಅದೇ ತುಂಡನ್ನು ಮತ್ತೊಮ್ಮೆ ಅಳೆದಾಗ ಅದು ಬಹಳ ಗಟ್ಟಿಯಾಗಿತ್ತು! ಅಳತೆಯ ಯಂತ್ರವೇ ಕೆಟ್ಟಿತೋ ಎಂದು ಸಂಶಯಪಡುವಂತಹ ಸಂಗತಿ. ಯಾರೂ ಮುಟ್ಟದೆ, ಕಾಯಿಸದೆ, ಬಡಿಯದೆ, ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ಲೋಹವು ತಾನಾಗಿ ಬಲಿತಿತ್ತು. ಈ ಮಿಶ್ರಲೋಹವೇ 1909ರಿಂದ ‘ಡ್ಯುರಾಲುಮಿನ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿ ಮೊದಲು ವಾಯುನೌಕೆಗಳ, ಆಮೇಲೆ ವಿಮಾನಗಳ ದೇಹವಾಯಿತು. ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಂತಹ ಕಡೆಗಳಲ್ಲಿ ಲೋಹದ ವಿಮಾನಗಳಿಗೆ ಆಧಾರವಾದುದು ಇದೇ ಮಿಶ್ರಲೋಹದ ಸಂತತಿ.

ಇನ್ನೊಂದು ಸ್ವಾರಸ್ಯವಿದೆ. 1903ರಲ್ಲಿ ರೈಟ್ ಸೋದರರು ಹಾರಿಸಿದ ಮೊತ್ತಮೊದಲಿನ ವಿಮಾನದ ಎಂಜಿನ್ನಿನ ಕವಚವನ್ನು ನೂರಕ್ಕೆ ಸುಮಾರು ಎಂಟು ಪಾಲು ತಾಮ್ರವಿದ್ದ ಅಲ್ಯೂಮಿನಿಯಂನಿಂದ ಎರಕ ಹೊಯ್ದಿದ್ದರು. 1994ರಲ್ಲಿ ವಿಜ್ಞಾನಿಗಳು ಅದನ್ನು ಪ್ರಬಲವಾದ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ ಅದರಲ್ಲಿಯೂ ತಾಮ್ರವು ಗುಂಪು ಕಟ್ಟಿದುದು ಕಂಡಿತು. ವಿಲ್ಮನು ಕಂಡುಹಿಡಿಯುವ ಮೊದಲೇ ಪ್ರಕೃತಿಯು ಆ ಕೆಲಸವನ್ನು ಗುಟ್ಟಾಗಿ ನಡೆಸಿತ್ತು. ತಿಳಿದವರು ಮಾತ್ರ ಯಾರೂ ಇರಲಿಲ್ಲ.

ಕಾರಣವನ್ನು ತಿಳಿಯಲು ಬಹುಕಾಲ ಹಿಡಿಯಿತು. ಹೆಚ್ಚಾದ ತಾಮ್ರವು ಸೂಕ್ಷ್ಮ ಕಣಗಳಾಗಿ ಬೇರ್ಪಡುವುದೇ ಕಾರಣವಿರಬೇಕೆಂದು 1919ರಲ್ಲಿ ಅಮೆರಿಕದ ಮೆರಿಕಾ ಮತ್ತು ಅವರ ಸಂಗಡಿಗರು ಹೇಳಿದರು. ಆದರೆ ಆ ಕಣಗಳು ಯಾವ ಸೂಕ್ಷ್ಮದರ್ಶಕಕ್ಕೂ ಕಾಣಲಿಲ್ಲ. 1938ರಲ್ಲಿ ಫ್ರಾನ್ಸಿನ ಆಂದ್ರೆ ಗೀನಿಯೆ, ಇಂಗ್ಲೆಂಡಿನ ಪ್ರೆಸ್ಟನ್ ಇಬ್ಬರೂ ಒಬ್ಬರನ್ನೊಬ್ಬರು ಅರಿಯದೆ ಕ್ಷ-ಕಿರಣಗಳ ನೆರವಿನಿಂದ ಅವನ್ನು ಕಂಡುಹಿಡಿದರು. ತಾಮ್ರದ ಪರಮಾಣುಗಳು ಒಂದೇ ಪದರದ ದಪ್ಪವಿರುವ, ಕೆಲವು ನ್ಯಾನೋಮೀಟರ್ ಅಗಲದ ಪುಟ್ಟ ಬಿಲ್ಲೆಗಳಾಗಿ ಸೇರಿದ್ದವು. ಅವರ ಗೌರವಾರ್ಥವಾಗಿ ಇವಕ್ಕೆ ಗೀನಿಯೆ-ಪ್ರೆಸ್ಟನ್ ವಲಯಗಳೆಂದು ಹೆಸರಿಟ್ಟರು.

ಬಿಲ್ಲೆಗಳಿಂದ ಲೋಹವು ಗಟ್ಟಿಯಾಗುವುದೇಕೆ? ಶಾಲೆಯ ಸಭಾಂಗಣದಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಒಮ್ಮೆಗೇ ಎಳೆಯುವುದು ಕಷ್ಟ. ಒಂದು ಅಂಚಿನಲ್ಲಿ ಮಡಿಕೆಯನ್ನೆಬ್ಬಿಸಿ ಅದನ್ನು ಇನ್ನೊಂದು ಅಂಚಿನವರೆಗೆ ತಳ್ಳಿಕೊಂಡು ಹೋದರೆ ಜಮಖಾನವು ಸುಲಭವಾಗಿ ಸರಿಯುವುದು. ಲೋಹವು ಬಾಗುವಾಗಲೂ ಪರಮಾಣುಗಳ ಪದರಗಳು ಇಂತಹ ಮಡಿಕೆಗಳ ಮೂಲಕವೇ ಒಂದರ ಮೇಲೊಂದು ಜಾರುವುವೆಂದು 1934ರಲ್ಲಿ ಟೇಲರ್, ಓರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿ ತೋರಿಸಿದರು. ತಾಮ್ರದ ಪರಮಾಣು ಗಾತ್ರದಲ್ಲಿ ಸಣ್ಣದಷ್ಟೆ. ಅದರ ಬಿಲ್ಲೆಯು ಸುತ್ತಲಿನ ಅಲ್ಯೂಮಿನಿಯಂ ಜಾಲವನ್ನು ತನ್ನ ಕಡೆಗೆ ಸೆಳೆದು ಬಿಗಿಸುವುದು. ಜಮಖಾನವನ್ನು ಅಲ್ಲಲ್ಲಿ ಮೊಳೆ ಹೊಡೆದು ನಿಲ್ಲಿಸಿದಂತೆ, ಮಡಿಕೆಯು ಮುಂದೆ ಸರಿಯದು. ಇದೇ ಗಟ್ಟಿತನ.

ವೇಗದ ಲೆಕ್ಕ

ಈಗ ಆ ಹುಡುಗನ ಪ್ರಶ್ನೆಯ ಹೃದಯಕ್ಕೆ ಬಂದೆವು. ಇದೆಲ್ಲ ಎಷ್ಟು ವೇಗದಲ್ಲಿ ನಡೆಯುವುದು?

ವೇಗವು ಎರಡು ಸಂಗತಿಗಳನ್ನು ಅವಲಂಬಿಸಿದೆ: ರಿಕ್ತಸ್ಥಾನಗಳು ಎಷ್ಟಿವೆ ಎಂಬುದು ಒಂದು, ಪರಮಾಣುವು ಪಕ್ಕದ ರಿಕ್ತಸ್ಥಾನಕ್ಕೆ ಎಷ್ಟು ಬೇಗ ಬೇಗ ನೆಗೆಯಬಲ್ಲದೆಂಬುದು ಇನ್ನೊಂದು. ಉಷ್ಣತೆ ಏರಿದಂತೆ ಎರಡೂ ಏರುವುವು. ಅದೂ ಒಂದಕ್ಕೆರಡು ಎಂಬಂತಲ್ಲ, ಬಡ್ಡಿಗೆ ಬಡ್ಡಿ ಸೇರಿದಂತೆ. ಉಷ್ಣತೆಗೂ ವೇಗಕ್ಕೂ ಇರುವ ಈ ಬಗೆಯ ಸಂಬಂಧವನ್ನು ರಾಸಾಯನಿಕ ಕ್ರಿಯೆಗಳ ವಿಷಯದಲ್ಲಿ ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ವಿವರಿಸಿದ್ದನು. ಲೋಹಗಳಲ್ಲಿಯೂ ಅದೇ ನಿಯಮ.

ಅಲ್ಯೂಮಿನಿಯಂನ ಲೆಕ್ಕವನ್ನು ನೋಡಿರಿ. 500 ಡಿಗ್ರಿಯಲ್ಲಿ ಹತ್ತು ಸಾವಿರ ನೆಲೆಗಳಲ್ಲಿ ಸುಮಾರು ಒಂದು ಖಾಲಿ. ನಮ್ಮ ಕೋಣೆಯ ಉಷ್ಣತೆಯಲ್ಲಿ, ನ್ಯಾಯವಾಗಿ ಇರಬೇಕಾದ ಖಾಲಿ ನೆಲೆಗಳು ಒಂದು ಲಕ್ಷ ಕೋಟಿಯಲ್ಲಿ ಬೆರಳೆಣಿಕೆಯಷ್ಟು ಮಾತ್ರ! ಇಷ್ಟು ವಿರಳವಾದ ರಿಕ್ತಸ್ಥಾನಗಳಿಂದ ತಾಮ್ರವು ಗುಂಪು ಕಟ್ಟಬೇಕಾದರೆ ಮನುಷ್ಯನ ಆಯುಷ್ಯ ಸಾಲದು. ಆದರೆ ವಿಲ್ಮನ ಲೋಹಕ್ಕೆ ಶನಿವಾರದಿಂದ ಸೋಮವಾರದವರೆಗಿನ ಅವಧಿಯೇ ಸಾಕಾಯಿತು. ಇದು ಹೇಗೆ?

ರಹಸ್ಯವಿರುವುದು ನೀರಿಗೆ ಅದ್ದುವುದರಲ್ಲಿ. ಕಾದ ಲೋಹವನ್ನು ನಿಧಾನವಾಗಿ ಆರಿಸಿದರೆ ಹೆಚ್ಚಾದ ರಿಕ್ತಸ್ಥಾನಗಳು ಮೇಲ್ಮೈಗೋ, ಸ್ಫಟಿಕಗಳ ಎಲ್ಲೆಗೋ, ಮೇಲೆ ಹೇಳಿದ ಮಡಿಕೆಗಳಿಗೋ ಸರಿದು ಇಲ್ಲವಾಗುವುವು. ತಟ್ಟನೆ ನೀರಿಗೆ ಅದ್ದಿದರೆ ಓಡಿಹೋಗಲು ಅವಕ್ಕೆ ಹೊತ್ತೇ ಇಲ್ಲ. 500 ಡಿಗ್ರಿಯ ರಿಕ್ತಸ್ಥಾನಗಳು ತಣ್ಣನೆಯ ಲೋಹದಲ್ಲಿ ಸೆರೆಸಿಕ್ಕುವುವು. ಅಂದರೆ ನ್ಯಾಯವಾಗಿ ಇರಬೇಕಾದುದಕ್ಕಿಂತ ಕೋಟಿ ಪಟ್ಟಿಗೂ ಮೀರಿದ ರಿಕ್ತಸ್ಥಾನಗಳು. ತಣ್ಣನೆಯ ಅಲ್ಯೂಮಿನಿಯಂನಲ್ಲಿಯೂ ಒಂದೊಂದು ರಿಕ್ತಸ್ಥಾನವು ಸೆಕೆಂಡಿಗೆ ನೂರಾರು ಸಲವಾದರೂ ನೆಗೆಯಬಲ್ಲದು. ಹೀಗಾಗಿ ಅದ್ದಿದ ಕ್ಷಣದಿಂದಲೇ ತಾಮ್ರವು ಗುಂಪು ಕಟ್ಟಲು ತೊಡಗುವುದು. ಮೊದಲು ಭರದಿಂದ, ರಿಕ್ತಸ್ಥಾನಗಳು ಒಂದೊಂದಾಗಿ ಇಲ್ಲವಾದಂತೆ ಕ್ರಮೇಣ ನಿಧಾನವಾಗಿ.

ಆದುದರಿಂದಲೇ ಶೀತಪೆಟ್ಟಿಗೆ! ಕಾಯಿಸಿ ಅದ್ದಿದ ರಿವೆಟ್ಟು ಕೆಲವು ನಿಮಿಷಗಳ ಕಾಲ ಮೆತ್ತಗಿರುವುದು. ಆಗಲೇ ಬಡಿದರೆ ಅದರ ತಲೆ ಚೆನ್ನಾಗಿ ಹರಡಿಕೊಂಡು ತಗಡುಗಳನ್ನು ಬಿಗಿಯುವುದು. ಆಮೇಲೆ ತನ್ನ ಸ್ಥಾನದಲ್ಲಿ ಕುಳಿತು ಅದು ಗಟ್ಟಿಯಾಗುವುದು. ಗಟ್ಟಿಯಾದ ನಂತರ ಬಡಿದರೆ ತಲೆಯು ಬಿರುಕು ಬಿಡಬಹುದು. ಉಷ್ಣತೆಯನ್ನು ಸೊನ್ನೆಗಿಂತ ಕೆಳಗಿಳಿಸಿದರೆ ರಿಕ್ತಸ್ಥಾನಗಳು ಇದ್ದಷ್ಟೇ ಇದ್ದರೂ ಅವುಗಳ ನೆಗೆತವು ಹತ್ತಾರು ಪಟ್ಟು ಮಂದವಾಗುವುದು; ರಿವೆಟ್ಟು ದಿನಗಟ್ಟಲೆ ಮೆತ್ತಗಿರುವುದು. ಹೊರಗೆ ತೆಗೆದ ಕೂಡಲೇ ನಿಂತಿದ್ದ ಗಡಿಯಾರವು ಮತ್ತೆ ನಡೆಯಲಾರಂಭಿಸುವುದು. ಎಲ್ಲ ರಿವೆಟ್ಟುಗಳಿಗೂ ಈ ನಿಯಮವಿಲ್ಲ. ಹೆಚ್ಚು ಬಲ ಬೇಕಾದ ಕಡೆಗಳಲ್ಲಿ ಬಳಸುವ, ತಾಮ್ರವು ಹೆಚ್ಚಾಗಿರುವ ಬಗೆಗಳಿಗೆ ಮಾತ್ರ. ಹೊತ್ತು ಮೀರಿದ ರಿವೆಟ್ಟು ಕೆಟ್ಟುಹೋದದ್ದೂ ಅಲ್ಲ. ಮತ್ತೆ ಕ್ರಮವಾಗಿ ಕಾಯಿಸಿ ಅದ್ದಿದರೆ ತಾಮ್ರವು ಮತ್ತೆ ಕರಗಿ, ರಿವೆಟ್ಟು ಹೊಸದರಂತೆ ಮೃದುವಾಗುವುದು.

ತಾಮ್ರದ ಕಡೆಯ ನಿಧಾನ

ನಾಣ್ಯದ ಬಳೆಯಂತಹ, ತಾಮ್ರವೇ ಹೆಚ್ಚಾಗಿರುವ ಲೋಹದಲ್ಲಿ ಈ ಗಡಿಯಾರವು ಬಹು ನಿಧಾನ. ತಾಮ್ರವು ಕರಗುವುದು 1085 ಡಿಗ್ರಿಯಲ್ಲಿ, ಅಲ್ಯೂಮಿನಿಯಂ 660ರಲ್ಲಿ. ತಾಮ್ರದ ಪರಮಾಣುಗಳ ಬಂಧವು ಹೆಚ್ಚು ಬಿಗಿಯಾದುದು, ಅಲ್ಲಿ ರಿಕ್ತಸ್ಥಾನವೊಂದು ಹುಟ್ಟಲು ಸುಮಾರು ಇಮ್ಮಡಿ ಶಕ್ತಿ ಬೇಕು. ಕಾಯಿಸಿ ನೀರಿಗೆ ಅದ್ದಿದ ಇಂತಹ ಮಿಶ್ರಲೋಹವನ್ನು ಉಷ್ಣವನ್ನು ಅಳೆಯುವ ಸೂಕ್ಷ್ಮ ಉಪಕರಣದಲ್ಲಿಟ್ಟು ಮೆಲ್ಲನೆ ಬಿಸಿಮಾಡಿದರೆ ಒಂದು ಚೆಲುವಾದ ಕಥೆ ತೆರೆಯುವುದು. ಸಾಧಾರಣವಾಗಿ ಬಿಸಿಮಾಡಿದ ವಸ್ತುವು ಉಷ್ಣವನ್ನು ಹೀರಬೇಕು. ಇದಾದರೋ ಮೊದಲು ತಾನೇ ಸ್ವಲ್ಪ ಉಷ್ಣವನ್ನು ಹೊರಬಿಡುವುದು: ಸೆರೆಸಿಕ್ಕ ರಿಕ್ತಸ್ಥಾನಗಳ ನೆರವಿನಿಂದ ಅಲ್ಯೂಮಿನಿಯಂ ಪರಮಾಣುಗಳು ತಮಗೆ ಪ್ರಿಯವಾದ ತಾಮ್ರದ ನೆರೆಯನ್ನು ಸೇರಿ ನೆಮ್ಮದಿಗೊಂಡುದರ ಗುರುತು ಅದು. ಇನ್ನೂ ಬಿಸಿಯಾದಾಗ ಮತ್ತೊಮ್ಮೆ ಉಷ್ಣವು ಹೊರಬೀಳುವುದು: ಸೆರೆಯ ರಿಕ್ತಸ್ಥಾನಗಳು ತೀರಿಹೋಗಿ, ಈ ಉಷ್ಣತೆಗೆ ಸಹಜವಾದ ರಿಕ್ತಸ್ಥಾನಗಳೇ ಈಗ ಉಳಿದ ಕೆಲಸವನ್ನು ಮುಂದುವರಿಸುವುವು. ಅದಕ್ಕೂ ಮೇಲೆ ಉಷ್ಣದ ಕಲಕಾಟವೇ ಹೆಚ್ಚಾಗಿ, ಕಟ್ಟಿದ ಕ್ರಮವು ಕರಗತೊಡಗುವುದು. ಆಗ ಲೋಹವು ಉಷ್ಣವನ್ನು ಹೀರುವುದು. ವಿದ್ಯುತ್ ಪ್ರತಿರೋಧದಲ್ಲಾಗುವ ಕಿರು ಬದಲಾವಣೆಗಳಿಂದಲೂ ಈ ಸಂಚಾರವನ್ನು ಹಿಂಬಾಲಿಸಬಹುದು.

ಇದರಲ್ಲೊಂದು ಪಾಠವಿದೆ. ಬಿಸಿ ತೀರ ಕಡಮೆಯಾದರೆ ಕ್ರಮಕ್ಕೆ ಅಪೇಕ್ಷೆಯುಂಟು, ನಡೆಯುವ ಶಕ್ತಿಯಿಲ್ಲ. ತೀರ ಹೆಚ್ಚಾದರೆ ನಡೆಯುವ ಶಕ್ತಿಯುಂಟು, ಕ್ರಮವು ನಿಲ್ಲದು. ನಡುವಣ ಹದದಲ್ಲಿಯೇ ಕ್ರಮವು ಹುಟ್ಟಿ ನೆಲೆಯೂರುವುದು. ಸಾಮಾನ್ಯವಾಗಿ ತಣ್ಣಗೆ ಬಡಿದ ಲೋಹವನ್ನು ಕಾಯಿಸಿದರೆ ಅದು ಮೃದುವಾಗುವುದಷ್ಟೆ. ತಣ್ಣಗೆ ತಟ್ಟಿದ ತಾಮ್ರ-ಅಲ್ಯೂಮಿನಿಯಂ ಲೋಹವನ್ನು ಸುಮಾರು 150ರಿಂದ 300 ಡಿಗ್ರಿಗಳ ನಡುವೆ ಹದವಾಗಿ ಕಾಯಿಸಿದರೆ ಮೃದುವಾಗುವ ಬದಲು ತುಸು ಗಟ್ಟಿಯಾಗುವುದು. ಅಲ್ಯೂಮಿನಿಯಂ ಪರಮಾಣುಗಳು ಮಡಿಕೆಗಳ ಬಳಿ ಸೇರುವುದೂ ಸಮೀಪಕ್ರಮವು ಮತ್ತೆ ಕಟ್ಟಿಕೊಳ್ಳುವುದೂ ಇದಕ್ಕೆ ಕಾರಣ.

ಅಲ್ಯೂಮಿನಿಯಂನ ಕಡೆಯೂ ಹದ ತಪ್ಪಿದರೆ ಕೇಡುಂಟು. ಗಟ್ಟಿಯಾದ ಮಿಶ್ರಲೋಹವನ್ನು ಹೆಚ್ಚು ಬಿಸಿಯಲ್ಲಿ ಬಹುಕಾಲ ಬಿಟ್ಟರೆ ಪುಟ್ಟ ಬಿಲ್ಲೆಗಳು ಹೋಗಿ, ಅವುಗಳ ತಾಮ್ರವೆಲ್ಲ ಕೆಲವೇ ದೊಡ್ಡ ಕಣಗಳಲ್ಲಿ ಸೇರುವುದು. ಆ ಕಣಗಳಲ್ಲಿ ಎರಡು ಅಲ್ಯೂಮಿನಿಯಂಗೆ ಒಂದು ತಾಮ್ರದಂತೆ ಕೂಡಿರುವುದು. ಮೊಳೆಗಳು ದೂರದೂರವಾದಂತೆ ಮಡಿಕೆಗಳು ನಡುವೆ ನುಸುಳುವುವು. ಲೋಹವು ಮತ್ತೆ ಮೆತ್ತಗಾಗುವುದು. ವಿಮಾನದ ತಗಡಿಗೆ ಬೆಂಕಿಯ ಬಿಸಿ ತಗುಲಿತೆಂದರೆ, ಕಣ್ಣಿಗೆ ಅದು ಹೇಗೇ ಕಾಣಲಿ, ಅದನ್ನು ಪರೀಕ್ಷಿಸದೆ ಮತ್ತೆ ನಂಬಬಾರದೆಂಬುದಕ್ಕೆ ಇದೂ ಒಂದು ಕಾರಣ.

ಮುಗಿಸುವ ಮುನ್ನ

ಇಷ್ಟನ್ನೂ ರಜೆಯ ಕೊನೆಯ ಭಾನುವಾರ ಆ ಹುಡುಗನನ್ನು ಕರೆಸಿ, ಮೇಜಿನ ಮೇಲೆ ಹುಣಿಸೆ ಬೀಜಗಳನ್ನು ಜೋಡಿಸಿ, ಒಂದನ್ನು ತೆಗೆದು ಖಾಲಿ ಮಾಡಿ, ಸರಿಸಿ ಸರಿಸಿ ತೋರಿಸಿದೆನು. ಅವನು ಬಹಳ ಹೊತ್ತು ನೋಡಿ, “ಹಾಗಾದರೆ ಮಾಸ್ಟ್ರೇ, ಶೀತಪೆಟ್ಟಿಗೆ ಕೆಟ್ಟು ರಾತ್ರಿ ಕರೆಂಟು ಹೋಗಿದ್ದರೆ, ಬೆಳಿಗ್ಗೆ ಮತ್ತೆ ತಣ್ಣಗಾಗಿದ್ದರೂ ಆ ರಿವೆಟ್ಟನ್ನು ನಾವು ಬಳಸಬಾರದು ಅಲ್ಲವೇ?” ಎಂದು ಕೇಳಿದನು.

ನನಗೆ ತುಂಬ ಸಂತೋಷವಾಯಿತು. ಈ ಪ್ರಶ್ನೆಯನ್ನು ನಾನು ಕಲಿಸಿರಲಿಲ್ಲ. ನಾನು ಓದಿದ ಪುಟಗಳಲ್ಲಿಯೂ ಅದು ಇರಲಿಲ್ಲ. ಕಾರಣವನ್ನು ಅರಿತುಕೊಂಡುದರಿಂದ ಅದು ಅವನಲ್ಲಿಯೇ ಹುಟ್ಟಿತು. ತಣ್ಣಗಿದೆಯೇ ಎಂದು ಮುಟ್ಟಿನೋಡಿ ಸುಮ್ಮನಾಗುವವನಿಗೂ, ರಾತ್ರಿ ಎಷ್ಟು ಹೊತ್ತು ಬೆಚ್ಚಗಿತ್ತೆಂದು ವಿಚಾರಿಸುವವನಿಗೂ ಇರುವ ಅಂತರ ದೊಡ್ಡದು. ಅದೇ ಪ್ರಶ್ನೆಯನ್ನು ತರಬೇತಿ ಶಾಲೆಯಲ್ಲಿಯೂ ಕೇಳೆಂದು ಹೇಳಿ, ಇಂಗ್ಲಿಷಿನಲ್ಲಿ ಅದನ್ನು ಹೇಗೆ ಕೇಳಬೇಕೆಂದು ಇಬ್ಬರೂ ಕೂಡಿ ಬರೆದೆವು. ಮುಂದಿನ ವಾರ ಅವನು ಕೇಳಿದನಂತೆ. ಅಲ್ಲಿಯ ಶಿಕ್ಷಕರು ಅಂದಿನ ಪಾಠವನ್ನು ಆ ಪ್ರಶ್ನೆಯಿಂದಲೇ ಆರಂಭಿಸಿದರಂತೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ನಾಳೆ ಕಾರ್ಖಾನೆಗಳಿಗೆ, ಪ್ರಯೋಗಶಾಲೆಗಳಿಗೆ, ದೊಡ್ಡ ಕಾಲೇಜುಗಳಿಗೆ ಹೋಗುವಿರಿ. ಅಲ್ಲಿಯ ಮಾತು ಬೇರೆಯಾಗಿರಬಹುದು. ಅದನ್ನು ಶ್ರದ್ಧೆಯಿಂದ ಕಲಿಯಿರಿ. ಆದರೆ ತಿಳಿಯದ ವಿಷಯವು ಎದುರಾದಾಗ ಮೊದಲು ನಿಮ್ಮ ಮನೆಯ ಮಾತಿನಲ್ಲಿ ‘ಏಕೆ?’ ಎಂದು ಕೇಳಿಕೊಳ್ಳಲು ನಾಚಬೇಡಿರಿ. ತಾಮ್ರದ ಪರಮಾಣುವೂ ಅಲ್ಯೂಮಿನಿಯಂನ ಪರಮಾಣುವೂ ಯಾವ ಭಾಷೆಯನ್ನೂ ಅರಿಯವು. ಕೇಳಬಲ್ಲವನಿಗೆ ಕನ್ನಡದಲ್ಲಿಯೂ ಉತ್ತರ ಕೊಡುವುವು.